ಕ್ಯಾಪ್ಸೂಲ್ ಕಾಫಿ ಮೆಷಿನ್ ಕೈಕೊಟ್ಟರೆ ಮೊದಲು ನೀರು ನೋಡಿ

ಮೆಷಿನ್ ಕೈಕೊಟ್ಟಿತು ಅನ್ನಿಸಿದ ಕೂಡಲೇ ಒಂದು ಕೆಲಸ ಮಾಡಿ. ಒಳಗೆ ಕ್ಯಾಪ್ಸೂಲ್, ಅಂದರೆ ಕಾಫಿ ಪುಡಿ ತುಂಬಿದ ಪುಟ್ಟ ಡಬ್ಬಿ, ಇದ್ದರೆ ತೆಗೆದುಬಿಡಿ. ಟ್ಯಾಂಕಿಗೆ ಹೊಸ ನೀರು ತುಂಬಿ. ಕೆಳಗೆ ದೊಡ್ಡ ಲೋಟ ಇಡಿ. ಲಿವರ್ ಮುಚ್ಚಿ, ದೊಡ್ಡ ಕಪ್ಪಿನ ಬಟನ್ ಒತ್ತಿ, ಬರೀ ನೀರು ಬಿಡಿ. ಅದು ಹೇಗೆ ಬೀಳುತ್ತದೆ ಅಂತ ಕಣ್ಣಿಟ್ಟು ನೋಡಿ.

ಧಾರೆ ಸರಾಗವಾಗಿ ಬಂದರೆ ತೊಂದರೆ ಕ್ಯಾಪ್ಸೂಲಿನಲ್ಲೋ, ಅದನ್ನು ಚುಚ್ಚುವ ಜಾಗದಲ್ಲೋ ಇದೆ. ತೊಟ್ಟು ತೊಟ್ಟಾಗಿ ಬಂದರೆ ಒಳಗೆ ಸುಣ್ಣ ಕಟ್ಟಿದೆ. ಪಂಪಿನ ಸದ್ದು ಮಾತ್ರ ಕೇಳಿ ನೀರೇ ಬರದಿದ್ದರೆ ಸಾಮಾನ್ಯವಾಗಿ ಅದು ಏರ್ ಲಾಕ್, ಅಂದರೆ ಪಂಪಿನೊಳಗೆ ಗಾಳಿ ಸಿಕ್ಕಿಕೊಂಡಿರುವುದು. ಸದ್ದೂ ಇಲ್ಲ, ಲೈಟೂ ಇಲ್ಲ ಅಂದರೆ ಕರೆಂಟಿನ ಕಡೆ ನೋಡಬೇಕು. ಒಂದು ನಿಮಿಷದ ಈ ಪರೀಕ್ಷೆ ಮಾಡದೆ ಯಾವುದಕ್ಕೂ ಕೈ ಹಾಕಬೇಡಿ.

ಮಂಡ್ಯದಲ್ಲಿರುವ ನನ್ನಕ್ಕನ ಮನೆಯ ಮೆಷಿನ್ ಐದೇ ತಿಂಗಳಿಗೆ ನಿಂತುಹೋಯಿತು. "ಗುರ್ ಅಂತದೆ ಅಷ್ಟೆ. ಅರ್ಧ ಲೋಟ ತುಂಬೋಕೆ ಎರಡು ನಿಮಿಷ ಬೇಕು ಕಣೋ" ಅಂತ ಫೋನ್ ಮಾಡಿದಳು. ಭಾವ ಆಗಲೇ ಹೊಸದು ಕೊಳ್ಳುವ ಮಾತಾಡುತ್ತಿದ್ದರು. ಭಾನುವಾರ ಮೈಸೂರಿನಿಂದ ಹೋದೆ. ಟ್ಯಾಂಕ್ ಎತ್ತಿ, ಅದು ಕೂರುವ ಜಾಗ ನೋಡಿದರೆ ಸುತ್ತ ಬೆಳ್ಳಗೆ ಒಂದು ಉಂಗುರ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಅವರ ಗೀಸರ್ ನಲ್ಲಿಯ ಬಾಯಲ್ಲಿ, ಬಚ್ಚಲ ಬಕೆಟ್ಟಿನ ಅಂಚಲ್ಲಿ, ಎಲ್ಲ ಕಡೆ ಅದೇ ಬಿಳಿ. ಬೋರ್ ನೀರನ್ನೇ ನೇರವಾಗಿ ಟ್ಯಾಂಕಿಗೆ ಹಾಕುತ್ತಿದ್ದರು. ಎರಡು ಸುತ್ತು ಸುಣ್ಣ ತೆಗೆದೆವು. ಅದೇ ಮೆಷಿನ್ ಇವತ್ತಿಗೂ ಅವರ ಮನೆಯಲ್ಲಿ ಕಾಫಿ ಕೊಡುತ್ತಿದೆ. ಕೆಟ್ಟಿದೆ ಅಂತ ಅಟ್ಟ ಸೇರುವ ಮೆಷಿನ್‌ಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ಅದಕ್ಕೇ ಇಲ್ಲಿ ನೀರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಳಗೆ ಏನಿದೆ?

ಮುಖ್ಯವಾದ ಭಾಗಗಳು ಮೂರೇ. ಟ್ಯಾಂಕಿನಿಂದ ನೀರು ಎಳೆಯುವ ಪುಟ್ಟ ಪಂಪ್. ಆ ನೀರನ್ನು ಹರಿಯುತ್ತಲೇ ಕಾಯಿಸುವ ಲೋಹದ ಗಟ್ಟಿ. ಕ್ಯಾಪ್ಸೂಲನ್ನು ಹಿಡಿದು ಚುಚ್ಚುವ ತಲೆ. ನೆಸ್ಪ್ರೆಸ್ಸೊ ಒರಿಜಿನಲ್ ಮೆಷಿನ್‌ಗಳ ಪಂಪ್ 19 ಬಾರ್ ಒತ್ತಡದ್ದು, ಡೋಲ್ಚೆ ಗುಸ್ಟೊದಂಥವು 15 ಬಾರ್. ಹೋಲಿಕೆಗೆ ಹೇಳುವುದಾದರೆ, ನಮ್ಮ ಕುಕ್ಕರ್ ವಿಸಲ್ ಕೂಗುವಾಗ ಒಳಗಿನ ಹೆಚ್ಚುವರಿ ಒತ್ತಡ ಸುಮಾರು 1 ಬಾರ್. ಅಷ್ಟು ಜೋರಿನ ನೀರು 5-6 ಗ್ರಾಂ ಪುಡಿಯ ಮೂಲಕ ನುಗ್ಗುತ್ತದೆ. ದಾರಿಯಲ್ಲಿ ಕೂದಲೆಳೆಯಷ್ಟು ಅಡ್ಡಿ ಇದ್ದರೂ ಕಾಫಿಯಲ್ಲಿ ಗೊತ್ತಾಗುತ್ತದೆ.

ನೆಸ್ಪ್ರೆಸ್ಸೊದ್ದೇ ಇನ್ನೊಂದು ಬಗೆ ವರ್ಟುವೊ. ಅದು ಒತ್ತಡದಿಂದಲ್ಲ, ಕ್ಯಾಪ್ಸೂಲನ್ನು ಗಿರ್ರನೆ ತಿರುಗಿಸಿ ಕಾಫಿ ಇಳಿಸುತ್ತದೆ. ಕ್ಯಾಪ್ಸೂಲಿನ ಅಂಚಿನಲ್ಲಿರುವ ಬಾರ್‌ಕೋಡ್ ಓದಿ ಎಷ್ಟು ನೀರು ಬಿಡಬೇಕು ಅಂತ ತಾನೇ ತಿಳಿದುಕೊಳ್ಳುತ್ತದೆ. ಆ ಅಂಚು ಒದ್ದೆಯಾಗಿದ್ದರೆ, ಅಥವಾ ಓದುವ ಗಾಜಿನ ಮೇಲೆ ಕಾಫಿ ಒಣಗಿದ್ದರೆ ಸುಮ್ನೆ ಲೈಟ್ ಮಿನುಗಿಸಿ ನಿಂತುಬಿಡುತ್ತದೆ. ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇದರಲ್ಲಿ ಬರೀ ನೀರು ಬಿಡಲು ಬೇರೆ ಕ್ರಮವಿದೆ, ಮೆಷಿನ್ ಜೊತೆ ಬಂದ ಪುಸ್ತಕ ನೋಡಿ.

ನಿಮ್ಮ ಮನೆಯ ನೀರು ಎಂಥದ್ದು?

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತವೆ. ಕಾಯಿಸಿದಾಗ ನೀರಿನಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಸಿ ಲೋಹಕ್ಕೆ ಅಂಟುತ್ತದೆ. ಸುಣ್ಣ ಅಂತ ನಾವು ಕರೆಯುವುದು ಇದನ್ನೇ. ಮೆಷಿನ್ನಿನ ಕೊಳವೆ ತೀರಾ ಸಣ್ಣದು. ಅಲ್ಲಿ ಸುಣ್ಣ ಕಟ್ಟಿದರೆ ನೀರಿಗೆ ದಾರಿಯೂ ಕಮ್ಮಿ, ಶಾಖ ತಾಗುವುದೂ ಕಮ್ಮಿ. ಕಾಫಿ ನಿಧಾನ ಆಗುತ್ತದೆ, ಬೆಚ್ಚಗಷ್ಟೇ ಬರುತ್ತದೆ, ಪಂಪ್ ಏದುಸಿರು ಬಿಡುತ್ತದೆ.

ಮೈಸೂರಿನ ಹಳೇ ಬಡಾವಣೆಗಳಿಗೆ ಹೊಂಗಳ್ಳಿ, ಮೇಳಾಪುರದ ಕಡೆಯಿಂದ ಕಾವೇರಿ ನೀರು ಬರುತ್ತದೆ. ಬಿದರಗೂಡಿನಿಂದ ಕಬಿನಿ ನೀರೂ ಬರುತ್ತದೆ. ಹೊಳೆಯ ನೀರು ಬೋರ್ ನೀರಿನಷ್ಟು ಗಡಸಲ್ಲ. ಊರಾಚೆಯ ಹೊಸ ಲೇಔಟ್‌ಗಳಲ್ಲಿ ಬೋರ್ ನೀರೇ ಗತಿ. ಇನ್ನೂ ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತದೆ. "ನಮ್ಮದು ಕಾವೇರಿ ನೀರು" ಅಂತ ಹೇಳುವವರ ಮನೆಯಲ್ಲೂ ಟ್ಯಾಂಕಿನಲ್ಲಿರುವುದು ಬೆರಕೆ ನೀರು ಆಗಿರಬಹುದು. ಅದನ್ನು ಖಚಿತ ಮಾಡಿಕೊಳ್ಳಿ.

ಪರೀಕ್ಷೆ ಸುಲಭ. ಸ್ಟೀಲ್ ತಟ್ಟೆಯಲ್ಲಿ ಎರಡು ಚಮಚ ನೀರು ಹಾಕಿ ಬಿಸಿಲಿಗಿಡಿ. ಪಕ್ಕದಲ್ಲೇ ಇನ್ನೊಂದು ತಟ್ಟೆಯಲ್ಲಿ ಆರ್‌ಒ ನೀರು ಇಡಿ. ಎರಡೂ ಆರಿದ ಮೇಲೆ ಯಾವುದರಲ್ಲಿ ಬಿಳಿ ಕಲೆ ದಪ್ಪ ಅಂತ ನೋಡಿ. ಸೋಪು ನೊರೆ ಬರದೆ ಕೈ ಜಿಗಟು ಅನ್ನಿಸಿದರೂ ನೀರು ಗಡಸು ಅಂತಲೇ ಅರ್ಥ. ಟಿಡಿಎಸ್ ಮೀಟರ್ ಇದ್ದರೆ ಅಂದಾಜಿಗೆ ಬರುತ್ತದೆ, ಆದರೆ ಅದು ಕರಗಿದ ಎಲ್ಲ ಲವಣವನ್ನೂ ಸೇರಿಸಿ ತೋರಿಸುತ್ತದೆ, ಗಡಸುತನವನ್ನಷ್ಟೇ ಅಲ್ಲ. ಕುಡಿಯುವ ನೀರಿಗಿರುವ ಐಎಸ್ 10500 ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ನಾವು ಕುಡಿಯಬಹುದಾದ ನೀರು ಮೆಷಿನ್ನಿಗೂ ಆಗುತ್ತದೆ ಅಂತ ಇಲ್ಲ.

ಬೋರ್ ನೀರನ್ನು ಟ್ಯಾಂಕಿಗೆ ಹಾಕಲೇಬೇಡಿ. ಪೂರ್ತಿ ಆರ್‌ಒ ನೀರಿನ ಕಾಫಿ ನನ್ನ ಬಾಯಿಗೆ ಸಪ್ಪೆ. ನಮ್ಮ ಮನೆಯಲ್ಲಿ ಅರ್ಧ ಆರ್‌ಒ, ಅರ್ಧ ಸೋಸಿದ ಕಾವೇರಿ ನೀರು ಬೆರೆಸುತ್ತೇವೆ. ರುಚಿಯೂ ಇರುತ್ತದೆ, ಸುಣ್ಣವೂ ಕಮ್ಮಿ. ಆರ್‌ಒ ಇಲ್ಲದ ಮನೆಯಲ್ಲಿ ನೀರು ಚೆನ್ನಾಗಿ ಕುದಿಸಿ, ಪೂರ್ತಿ ಆರಲು ಬಿಟ್ಟು, ತಳದ ನೀರು ಕದಡದಂತೆ ಮೇಲಿನದಷ್ಟೇ ಬಗ್ಗಿಸಿಕೊಳ್ಳಿ. ಸುಣ್ಣದ ಒಂದು ಪಾಲು ಪಾತ್ರೆಯಲ್ಲೇ ಉಳಿದುಬಿಡುತ್ತದೆ.

ಸುಣ್ಣ ತೆಗೆಯುವುದು

ಕಾವೇರಿ ನೀರಾದರೆ ಮೂರು ತಿಂಗಳಿಗೊಮ್ಮೆ, ಅಥವಾ ಸುಮಾರು 300 ಕಪ್ ಆದ ಮೇಲೆ. ಬೆರಕೆ ನೀರಾದರೆ ಎರಡು ತಿಂಗಳಿಗೇ ಮಾಡಿ. ಆರ್‌ಒ ಬೆರೆಸಿದ್ದರೆ ಆರು ತಿಂಗಳು ತಡೆಯುತ್ತದೆ. ಲೈಟ್ ಹತ್ತಿ ಹೇಳುವವರೆಗೂ ಕಾಯಬೇಡಿ. ದಸರಾಕ್ಕೆ ನೆಂಟರು ಬರುವ ಹಿಂದಿನ ವಾರ ನಾನು ತಪ್ಪದೆ ಒಂದು ಸಲ ಮಾಡುತ್ತೇನೆ.

ವಾರಂಟಿ ಇನ್ನೂ ಇದ್ದರೆ ಆ ಕಂಪನಿಯದೇ ದ್ರಾವಣ ಬಳಸಿ. ವಾರಂಟಿ ಮುಗಿದಿದ್ದರೆ ಅಡುಗೆಗೆ ಬಳಸುವ ಸಿಟ್ರಿಕ್ ಆಸಿಡ್ ಸಾಕು. ಒಂದು ಲೀಟರ್ ನೀರಿಗೆ 20 ಗ್ರಾಂ, ಅಂದರೆ ಸುಮಾರು ನಾಲ್ಕು ಟೀ ಚಮಚ. ಒಂದು ಹರಳೂ ಉಳಿಯದಂತೆ ಕದಡಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಹಾಕಬೇಡಿ. ತುಂಬಾ ಗಟ್ಟಿಯಾಗಿ, ತುಂಬಾ ಬಿಸಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಗಸಿ ಒಳಗೇ ಕೂರುತ್ತದೆ. ವಿನೆಗರ್ ಬೇಡ, ರಬ್ಬರ್ ವಾಷರ್ ಹಾಳಾಗುತ್ತದೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ನಿಂಬೆಹಣ್ಣು ಹಿಂಡಿದ ರಸವೂ ಬೇಡ, ತಿರುಳು ಸಿಕ್ಕಿಕೊಳ್ಳುತ್ತದೆ.

ಶುರು ಮಾಡುವ ಮೊದಲು ಅಡುಗೆಕಟ್ಟೆ ನೋಡಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಕಟ್ಟೆಗೆ ಕಡಪ ಕಲ್ಲು ಹಾಕಿರುತ್ತಾರೆ. ಕಡಪ ಕಲ್ಲು ಸುಣ್ಣದ ಕಲ್ಲೇ. ಮೆಷಿನ್ನಿನ ಸುಣ್ಣ ಕರಗಿಸುವ ಆಸಿಡ್ ಕಲ್ಲನ್ನೂ ತಿನ್ನುತ್ತದೆ. ಎರಡು ಹನಿ ಬಿದ್ದು ಅರ್ಧ ಗಂಟೆ ಹಾಗೇ ಬಿಟ್ಟರೆ ಹೊಳಪು ಹೋಗಿ ಬೂದು ಕಲೆ ಉಳಿಯುತ್ತದೆ. ಅಮೃತಶಿಲೆಯೂ ಹಾಗೇ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಮೆಷಿನ್ ಇಟ್ಟು ಕೆಲಸ ಮಾಡಿ.

ಮೊದಲು ಕ್ಯಾಪ್ಸೂಲ್ ತೆಗೆದು, ಕೆಳಗಿನ ಟ್ರೇ ಮತ್ತು ಹಳೇ ಕ್ಯಾಪ್ಸೂಲ್ ಬೀಳುವ ಡಬ್ಬ ಖಾಲಿ ಮಾಡಿ. ಟ್ಯಾಂಕಿನಲ್ಲಿ ಫಿಲ್ಟರ್ ಇದ್ದರೆ ತೆಗೆದಿಡಿ. ದ್ರಾವಣ ಟ್ಯಾಂಕಿಗೆ ಹಾಕಿ, ಬಾಯಿಯ ಕೆಳಗೆ ಒಂದು ಲೀಟರ್ ಹಿಡಿಯುವ ಪಾತ್ರೆ ಇಡಿ. ಸುಣ್ಣ ತೆಗೆಯುವ ಮೋಡ್ ಒಂದೊಂದು ಮಾದರಿಯಲ್ಲಿ ಒಂದೊಂದು ಥರ. ಸಾಮಾನ್ಯವಾಗಿ ಎರಡು ಬಟನ್ ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಅದು ಪುಸ್ತಕದಲ್ಲಿರುತ್ತದೆ. ಮೋಡ್ ಇಲ್ಲದ ಮೆಷಿನ್ ಆದರೆ ದೊಡ್ಡ ಕಪ್ಪಿನ ಬಟನ್ನನ್ನೇ ಮತ್ತೆ ಮತ್ತೆ ಒತ್ತಿ.

ಅರ್ಧ ದ್ರಾವಣ ಹೋದ ಮೇಲೆ ಮೆಷಿನ್ ನಿಲ್ಲಿಸಿ. ಹದಿನೈದು ನಿಮಿಷ ಹಾಗೇ ಬಿಡಿ. ಈ ಬಿಡುವು ಮುಖ್ಯ, ಆಸಿಡ್ ಕೆಲಸ ಮಾಡುವುದು ಆಗಲೇ. ಆಮೇಲೆ ಉಳಿದದ್ದನ್ನೂ ಬಿಡಿ. ಅಕ್ಕನ ಮನೆಯಲ್ಲಿ ಮೊದಲ ಅರ್ಧ ಲೋಟ ಬರೀ ಕಲಗಚ್ಚಿನ ಥರ ಬಂತು. ಆಮೇಲೆ ಎಳ್ಳಿನಷ್ಟು ದೊಡ್ಡ ಬಿಳಿ ಚಕ್ಕೆಗಳು ಉದುರತೊಡಗಿದವು. ಭಾವ ಒಂದನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, "ಇಷ್ಟೆಲ್ಲ ಕುಡೀತಿದ್ವಾ ನಾವು?" ಅಂದರು. ಚಕ್ಕೆ ಕಂಡರೆ ಹೊರಬಂದ ದ್ರಾವಣ ಮತ್ತೆ ಬಳಸಬೇಡಿ, ಹೊಸದು ಮಾಡಿ ಇನ್ನೊಂದು ಸುತ್ತು ಬಿಡಿ. ಚಕ್ಕೆಯಿಲ್ಲದೆ ತಿಳಿಯಾಗಿ ಬಂದಿದ್ದರೆ ಅದನ್ನೇ ಸೋಸಿ ಮತ್ತೊಮ್ಮೆ ಹಾಯಿಸಬಹುದು.

ಕೊನೆಗೆ ಟ್ಯಾಂಕ್ ಚೆನ್ನಾಗಿ ತೊಳೆದು, ಎರಡು ಟ್ಯಾಂಕ್ ತುಂಬ ಒಳ್ಳೆ ನೀರು ಹಾಯಿಸಿ. ಕೊನೆಯ ನೀರಿನ ಒಂದು ಹನಿ ನಾಲಿಗೆಗೆ ತಾಗಿಸಿ ನೋಡಿ. ಹುಳಿ ಅನ್ನಿಸಿದರೆ ಇನ್ನೂ ಒಂದು ಟ್ಯಾಂಕ್ ಬಿಡಿ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ.

ಗುರ್ ಅಂತದೆ, ನೀರು ಬರಲ್ಲ

ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಬಚ್ಚಲ ನಲ್ಲಿ ಬುಸ್ ಅಂದು ನಿಲ್ಲುತ್ತದಲ್ವಾ? ಅದೇ ಏರ್ ಲಾಕ್ ಇಲ್ಲೂ ಆಗುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೂ ಬಳಸಿದರೆ, ತಿಂಗಳುಗಟ್ಟಲೆ ಮೆಷಿನ್ ಮುಟ್ಟದಿದ್ದರೆ ಪಂಪಿನೊಳಗೆ ಗಾಳಿ ಸೇರುತ್ತದೆ. ಹೊಸ ಮೆಷಿನ್ನಿನಲ್ಲೂ ಮೊದಲ ದಿನ ಹೀಗಾಗಬಹುದು.

ಟ್ಯಾಂಕ್ ತುಂಬಿ, ಎತ್ತಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಕ್ಯಾಪ್ಸೂಲ್ ಇಲ್ಲದೆ ನೀರು ಬಿಡಿ. ಇಪ್ಪತ್ತು ಸೆಕೆಂಡಿಗೂ ಬಾರದಿದ್ದರೆ ನಿಲ್ಲಿಸಿ, ಐದು ನಿಮಿಷ ಆರಲು ಬಿಡಿ. ಪಂಪಿಗೆ ತಂಪು ಕೊಡುವುದೂ ನೀರೇ. ಒಣ ಓಡಿಸಿದರೆ ಬಿಸಿಯಾಗಿ ಒಳಗಿನ ಫ್ಯೂಸ್ ಹೋಗುತ್ತದೆ. ಎರಡು ಮೂರು ಸಲಕ್ಕೂ ಆಗದಿದ್ದರೆ ಮೆಡಿಕಲ್ ಸ್ಟೋರ್‌ನಿಂದ ಸೂಜಿಯಿಲ್ಲದ 10 ಮಿಲಿ ಸಿರಿಂಜ್ ತನ್ನಿ. ಪ್ಲಗ್ ಕಿತ್ತು, ಟ್ಯಾಂಕ್ ತೆಗೆದು, ಅದು ಕೂರುವ ಜಾಗದ ಪುಟ್ಟ ತೂತಿಗೆ ನಿಧಾನವಾಗಿ ನೀರು ತಳ್ಳಿ. ಸುತ್ತ ಚೆಲ್ಲಿದ್ದನ್ನು ಒರೆಸಿ, ಟ್ಯಾಂಕ್ ಇಟ್ಟು ಮತ್ತೆ ಚಾಲೂ ಮಾಡಿ. ಪಂಪಿನ ಸದ್ದು ಒರಟಾಗಿದ್ದದ್ದು ಮೆತ್ತಗಾದರೆ ನೀರು ಹಿಡಿಯಿತು ಅಂತ ತಿಳಿಯಿರಿ.

ಬರೀ ನೀರು ಸರಾಗ, ಕಾಫಿ ಮಾತ್ರ ಸರಿಯಿಲ್ಲ

ಕ್ಯಾಪ್ಸೂಲ್ ಹಾಕಿದಾಗ ಮಾತ್ರ ತೆಳ್ಳಗೆ ಬಂದು, ಹಳೇ ಕ್ಯಾಪ್ಸೂಲ್ ಡಬ್ಬದಲ್ಲಿ ನೀರು ತುಂಬುತ್ತಿದ್ದರೆ ಕ್ಯಾಪ್ಸೂಲಿನ ಅಂಚು ಸರಿಯಾಗಿ ಕೂರುತ್ತಿಲ್ಲ. ಅಂಚು ಜಜ್ಜಿದ್ದರೆ ಆ ಕ್ಯಾಪ್ಸೂಲ್ ಬಿಟ್ಟು ಬೇರೆಯದು ಹಾಕಿ ನೋಡಿ. ಬೇರೆಯದರಲ್ಲೂ ಹಾಗೇ ಆದರೆ ತಲೆಯ ಸುತ್ತ ಕಾಫಿ ಒಣಗಿ ಅಂಟಿರುತ್ತದೆ. ಪ್ಲಗ್ ಕಿತ್ತು, ಆರಿದ ಮೇಲೆ, ಹಳೇ ಟೂತ್‌ಬ್ರಷ್ಷನ್ನು ಬಿಸಿನೀರಲ್ಲಿ ಅದ್ದಿ ಉಜ್ಜಿ. ಚುಚ್ಚುವ ಮೊನೆಗಳು ಚೂಪು, ಬೆರಳು ಹಾಕಬೇಡಿ. ಬಳಸಿದ ಕ್ಯಾಪ್ಸೂಲ್ ಎತ್ತಿ ನೋಡುವುದೂ ಒಳ್ಳೆಯದು. ಎಲ್ಲ ತೂತುಗಳೂ ಸ್ಪಷ್ಟವಾಗಿ ಬಿದ್ದಿವೆಯಾ? ಒಂದು ಬದಿ ಬಿದ್ದೇ ಇಲ್ಲದಿದ್ದರೆ ಲಿವರ್ ಪೂರ್ತಿ ಮುಚ್ಚಿಕೊಂಡಿಲ್ಲ ಅಂತ ಅರ್ಥ.

ಲಿವರ್ ಮುಚ್ಚದಿದ್ದಾಗ ಬಲ ಹಾಕಬೇಡಿ. ಹಳೇ ಡಬ್ಬ ತುಂಬಿದ್ದರೆ ಕೊನೆಯ ಕ್ಯಾಪ್ಸೂಲ್ ಕೆಳಗೆ ಬೀಳದೆ ಮಧ್ಯೆ ಸಿಕ್ಕಿಕೊಂಡಿರುತ್ತದೆ. ಹತ್ತಕ್ಕೆ ತುಂಬುವ ಡಬ್ಬಗಳೇ ಜಾಸ್ತಿ.

ಮತ್ತೆ ಮತ್ತೆ ತುಂಬುವ ಸ್ಟೀಲ್ ಕ್ಯಾಪ್ಸೂಲಿನ ವಿಷಯ ಬಿಡಿಸಿ ಹೇಳಬೇಕು, ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇಲ್ಲೇ ಇದೆ. ಮನೆಯಲ್ಲಿರುವ ಫಿಲ್ಟರ್ ಕಾಫಿ ಪುಡಿಯನ್ನೇ ಅದಕ್ಕೆ ತುಂಬುತ್ತೇವೆ. ಅದರಲ್ಲಿ ಚಿಕೋರಿ ಇರುತ್ತದೆ. ಹಿತ್ತಾಳೆ ಫಿಲ್ಟರಿನಲ್ಲಿ ಚಿಕೋರಿ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಅಲ್ಲಿ ಅವಸರವಿಲ್ಲ, ಹನಿಹನಿಯಾಗಿ ಇಳಿಯುತ್ತದೆ. ಮೆಷಿನ್ನಿನ ಒತ್ತಡಕ್ಕೆ ಅದೇ ಚಿಕೋರಿ ಜಿಗುಟಾಗಿ ಜಾಳಿಗೆಯ ತೂತು ಮುಚ್ಚುತ್ತದೆ. ಚಿಕೋರಿ ಇಲ್ಲದ ಪುಡಿ ತನ್ನಿ. ಪುಡಿ ಮಾಡಿಸುವಾಗ ಫಿಲ್ಟರಿಗಿಂತ ಸ್ವಲ್ಪ ನುಣ್ಣಗೆ, ಆದರೆ ಮೈದಾದಷ್ಟು ನುಣ್ಣಗೆ ಬೇಡ ಅಂತ ಹೇಳಿ. ಅದುಮಿ ತುಂಬಬೇಡಿ. ಮುಚ್ಚಳ ಹಾಕುವ ಮೊದಲು ಅಂಚಿನ ಮೇಲಿನ ಪುಡಿ ಒರೆಸಿ. ಚಿಕೋರಿ ಕಾಫಿ ಬೇಕೆನಿಸಿದ ದಿನ ನಾನು ಹಿತ್ತಾಳೆ ಫಿಲ್ಟರನ್ನೇ ತೆಗೆಯುತ್ತೇನೆ.

ಕಾಫಿ ಬಿಸಿ ಸಾಲದು

ನಮಗೆ ಕಾಫಿ ಸುಡಬೇಕು. ಕುದಿಯುವ ಹಾಲಿಗೆ ಡಿಕಾಕ್ಷನ್ ಬೆರೆಸಿ ಕುಡಿದು ರೂಢಿ. ಮೆಷಿನ್ನಿನ ಕಾಫಿ ಅಷ್ಟು ಬಿಸಿ ಇರುವುದೇ ಇಲ್ಲ, ಅದು ಕೆಟ್ಟಿರುವುದಲ್ಲ. ಮೊದಲು ಲೋಟಕ್ಕೆ ಬರೀ ಬಿಸಿನೀರು ಬಿಟ್ಟು ಚೆಲ್ಲಿ. ಲೋಟವೂ ಕಾಯುತ್ತದೆ, ಒಳಗಿನ ಕೊಳವೆಯೂ ಕಾಯುತ್ತದೆ. ನಂದಿನಿ ಹಾಲನ್ನು ಒಲೆಯ ಮೇಲೆ ಕುದಿಬರಿಸಿ, ನಂತರ ಕಾಫಿ ಇಳಿಸಿ ಬೆರೆಸಿ. ಮೊದಲು ಚೆನ್ನಾಗಿಯೇ ಬಿಸಿ ಬರುತ್ತಿದ್ದು ಈಗ ಕಮ್ಮಿಯಾಗಿದ್ದರೆ ಮಾತ್ರ ಸುಣ್ಣದ ಅನುಮಾನ. ಇನ್ನೊಂದು ಮಾತು, ಟ್ಯಾಂಕಿಗೆ ಹಾಲು ಯಾವತ್ತೂ ಹಾಕಬಾರದು.

ಕರೆಂಟು

ಈ ಮೆಷಿನ್‌ಗಳು ಸಾಮಾನ್ಯವಾಗಿ 1200ರಿಂದ 1500 ವಾಟ್ ಎಳೆಯುತ್ತವೆ. 1450 ವಾಟ್ ಅಂದರೆ 230 ವೋಲ್ಟಿನಲ್ಲಿ 6 ಆಂಪಿಯರ್‌ಗಿಂತ ಸ್ವಲ್ಪ ಮೇಲೆ. ಚಿಕ್ಕ 6 ಆಂಪ್ ಪಾಯಿಂಟಿನಲ್ಲಿ, ಅದೂ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಹಾಕಿದರೆ ಪ್ಲಗ್ ಬಿಸಿಯಾಗುತ್ತದೆ. 16 ಆಂಪಿನ ಪವರ್ ಪಾಯಿಂಟಿಗೇ, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿನಲ್ಲೇ ಹಾಕಿ. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ತಡೆಯುವುದಿಲ್ಲ. ಕರೆಂಟ್ ಹೋದಾಗ ಹಿತ್ತಾಳೆ ಫಿಲ್ಟರೇ ಸರಿ.

ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಮೆಷಿನ್ ಆದರೆ ಪ್ಲಗ್ ಚುಚ್ಚುವ ಮೊದಲು ತಳದಲ್ಲಿರುವ ಚೀಟಿ ಓದಿ. 120 ವೋಲ್ಟ್ ಅಂತ ಇದ್ದರೆ ಬರೀ ಪಿನ್ ಬದಲಿಸುವ ಅಡಾಪ್ಟರ್ ಸಾಲದು, ಚುಚ್ಚಿದ ಕ್ಷಣಕ್ಕೆ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಪಂಪ್ ನಡುಗುವುದೇ ಆ ಲೆಕ್ಕದಲ್ಲಿ, ಹಾಗಾಗಿ ಕಾಫಿ ಸರಿಯಾಗಿ ಬರುವ ಭರವಸೆ ಇಲ್ಲ. ದುಬೈನಿಂದ, ಯುರೋಪಿನಿಂದ ತಂದದ್ದು 220-240 ವೋಲ್ಟಿನದ್ದು, ಅದಕ್ಕೆ ಪ್ಲಗ್ ಬದಲಿಸಿದರೆ ಸಾಕು.

ದಿನನಿತ್ಯ

ಕಾಫಿ ಆದ ತಕ್ಷಣ ಕ್ಯಾಪ್ಸೂಲ್ ಬೀಳಿಸಿ, ಒಂದು ಚಿಕ್ಕ ಕಪ್ ನೀರು ಬಿಡಿ. ಟ್ಯಾಂಕಿನ ನೀರು ದಿನಾ ಬದಲಿಸಿ. ಟ್ರೇ ಮತ್ತು ಡಬ್ಬವನ್ನು ರಾತ್ರಿ ಮಲಗುವ ಮುಂಚೆ ತೊಳೆದು ಬೋರಲು ಹಾಕಿ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಒಳಗೆ ಬೂಸ್ಟು ಹಿಡಿಯುತ್ತದೆ. ಜಿರಳೆಗೂ ಮೆಷಿನ್ನಿನ ಬೆಚ್ಚಗಿನ ಹೊಟ್ಟೆ ಇಷ್ಟ. ಗೋಡೆಗೆ ಅಂಟಿಸಿ ಇಡಬೇಡಿ, ಸಿಂಕಿನಿಂದ ದೂರ ಇಡಿ, ಹತ್ತಿರ ಸಕ್ಕರೆ ಚೆಲ್ಲದಂತೆ ನೋಡಿಕೊಳ್ಳಿ. ಮೆಷಿನ್ ಮೇಲೆ ಕೀಟನಾಶಕ ಮಾತ್ರ ಹೊಡೆಯಬೇಡಿ, ನಾಳೆ ಅದರಲ್ಲೇ ಕಾಫಿ ಕುಡಿಯಬೇಕು.

ಊರಿಗೆ ಹೋಗುವಾಗ ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ಕಿತ್ತು ಹೋಗಿ. ಬಂದ ಮೇಲೆ ಮೊದಲ ಎರಡು ಕಪ್ ಬರೀ ನೀರು ಬಿಟ್ಟು ಚೆಲ್ಲಿ.

ಬಳಸಿದ ಕ್ಯಾಪ್ಸೂಲನ್ನು ಇಡಿಯಾಗಿ ಕಸಕ್ಕೆ ಎಸೆಯಬೇಡಿ. ಮೇಲಿನ ಹಾಳೆ ಕತ್ತರಿಸಿ ಚರಟ ತೆಗೆದು, ಮಲ್ಲಿಗೆ ಗಿಡದ ಬುಡಕ್ಕೆ ತೆಳ್ಳಗೆ ಹರಡಿ ಅಥವಾ ಗೊಬ್ಬರದ ಗುಂಡಿಗೆ ಹಾಕಿ. ಅಲ್ಯೂಮಿನಿಯಂ ಆದರೆ ತೊಳೆದು ಒಂದು ಚೀಲದಲ್ಲಿ ಕೂಡಿಟ್ಟು ಗುಜರಿಗೆ ಕೊಡಿ. ಪ್ಲಾಸ್ಟಿಕ್ ಆದರೆ ಒಣ ಕಸಕ್ಕೆ. 2015ರ ಸ್ವಚ್ಛ ಭಾರತ ಪಟ್ಟಿಯಲ್ಲಿ, 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆದ ಊರು ನಮ್ಮ ಮೈಸೂರು. ಕಸ ಬೇರ್ಪಡಿಸಿ ಕೊಡುವುದು ಇಲ್ಲಿ ಯಾರಿಗೂ ಹೊಸದಲ್ಲ.

ಯಾವಾಗ ರಿಪೇರಿಗೆ ಒಯ್ಯಬೇಕು

ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ, ಚಾಲೂ ಮಾಡಿದೊಡನೆ ಮನೆಯ ಎಂಸಿಬಿ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಮೆಷಿನ್ನಿನ ಮೈಯ ಸಂದಿನಿಂದ ಹಬೆ ಹೊರಟರೆ ಅಲ್ಲಿಗೇ ಕೈ ಬಿಡಿ. ಗೋಡೆಯ ಸ್ವಿಚ್ ಆರಿಸಿದ ಮೇಲೆ ಪ್ಲಗ್ ಕಿತ್ತಿಡಿ. ತಳದಲ್ಲಿ ನೀರು ನಿಲ್ಲುತ್ತಿದ್ದರೆ ಮಾತ್ರ ಮೊದಲು ಒಣ ಕಾಗದದ ಮೇಲೆ ಇಟ್ಟು ಎಲ್ಲಿ ಒದ್ದೆಯಾಗುತ್ತದೆ ನೋಡಿ. ಟ್ಯಾಂಕಿನ ಕೆಳಗೆ ಒದ್ದೆಯಾದರೆ ಅಲ್ಲಿನ ವಾಷರ್ ಸವೆದಿರಬಹುದು, ಟ್ರೇ ಕೆಳಗಾದರೆ ಟ್ರೇ ತುಂಬಿ ಚೆಲ್ಲಿರಬಹುದು. ಎರಡೂ ಅಲ್ಲ, ಮಧ್ಯದಿಂದ ಬರುತ್ತಿದೆ ಅಂದರೆ ಒಳಗಿನ ಪೈಪ್. ಅದನ್ನು ನೀವೇ ಬಿಚ್ಚಬೇಡಿ.

ಅಂಗಡಿಗೆ ಹೋಗುವ ಮುಂಚೆ ಬರೀ ನೀರಿನ ಪರೀಕ್ಷೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಲೈಟ್ ಹೇಗೆ ಮಿನುಗುತ್ತದೆ, ಪಂಪ್ ಹೇಗೆ ಸದ್ದು ಮಾಡುತ್ತದೆ, ಎರಡೂ ಅದರಲ್ಲಿರಲಿ. ಸುಣ್ಣ ಕೊನೆಗೆ ತೆಗೆದದ್ದು ಯಾವಾಗ ಅಂತ ಬರೆದಿಟ್ಟುಕೊಳ್ಳಿ. ಟ್ಯಾಂಕ್, ಟ್ರೇ ಖಾಲಿ ಮಾಡಿ ಒರೆಸಿ. ಸ್ಕೂಟರಿನಲ್ಲಿ ಒಯ್ಯುವುದಾದರೆ ನಿಂತ ಹಾಗೇ ಇರಲಿ, ಮಲಗಿಸಿದರೆ ಒಳಗೆ ಉಳಿದ ನೀರು ವೈರಿಂಗ್ ಕಡೆ ಹರಿಯುತ್ತದೆ. ಬಿಲ್ ಮತ್ತು ವಾರಂಟಿ ಕಾರ್ಡ್ ಮರೆಯಬೇಡಿ.